ಇನ್ನೊಂದು ಕೈ ಮೆರುಗು

ನನ್ನ ಗಂಡ ಷೋಗೊ ಮಾಡಿದ ಗಿಟಾರು ಇನ್ನೂ ಬರಿಮೈಯಲ್ಲಿದ್ದಾಗ ಅದರ ದನಿ ಕೇಳಿದವಳು ನಾನೊಬ್ಬಳೇ. ಅಪ್ಪ ಸ್ನಾನಕ್ಕೆ ಹೋಗಿದ್ದರು. ಉಗ್ರಾಣದ ಅಟ್ಟದ ಮೇಲೆ ಇಬ್ಬರೂ ಕಳ್ಳರ ಹಾಗೆ ಕೂತಿದ್ದೆವು. ನನ್ನ ಗಂಡ ತಂತಿ ಮೀಟಿದರು. ಅಬ್ಬಾ, ಎಂಥ ದನಿ! ನನ್ನ ಕಣ್ಣಲ್ಲಿ ನೀರು ಬಂತು.

"ರೀ, ಈಗಲೇ ಹೊರಟುಬಿಡೋಣ," ಅಂದೆ.

"ಹೀಗೇ ಬತ್ತಲೆ ಎತ್ಕೊಂಡು ಹೋಗಕ್ಕಾಗತ್ತೇನೆ? ಕೈ ಬೆವರು ತಾಗಿದ್ರೆ ಮರ ಕಪ್ಪಾಗತ್ತೆ. ತೆಳ್ಳಗೆ ಒಂದು ಕೈ ಮೆರುಗು ಬಳಿದು ಒರೆಸಿಬಿಡ್ತೀನಿ. ಅಷ್ಟೇ," ಅಂದರು.

ಮಾತ್ಸುಮೊತೊ ಊರಿನಲ್ಲಿ ಗಿಟಾರು ಮಾಡುವ ಯಜಮಾನರೊಬ್ಬರು ಮಾತು ಕೊಟ್ಟಿದ್ದರು: ನೀನೇ ಮಾಡಿದ್ದೊಂದು ತಂದು ತೋರಿಸು, ದನಿ ಹಿಡಿಸಿದರೆ ಕೆಲಸ ಉಂಟು, ಅಂಗಡಿಯ ಹಿಂದೆ ಒಂದು ಕೋಣೆಯೂ ಉಂಟು. ಬರುವ ಭಾನುವಾರ ಹೋಗಬೇಕಿತ್ತು. ಆ ಕೋಣೆಯ ಕಿಟಕಿಗೆ ನಾನು ಮನಸ್ಸಿನಲ್ಲೇ ಪರದೆ ಹೊಲಿದಾಗಿತ್ತು.

ನಮ್ಮದು ಕಿಸೊ ಕಣಿವೆಯಲ್ಲಿ ಮರದ ಬೋಗುಣಿ, ತಟ್ಟೆಗಳಿಗೆ ಉರುಷಿ ಮರದ ಹಾಲು ಬಳಿದು ಮೆರುಗು ಕೊಡುವ ಮನೆ. ಅಪ್ಪನಿಗೆ ಗಂಡುಮಕ್ಕಳಿಲ್ಲ. ಕೆಲಸ ಕಲಿಯಲು ಬಂದ ಷೋಗೊನನ್ನೇ ಮನೆಅಳಿಯ ಮಾಡಿಕೊಂಡರು. ಅವರು ಹುಟ್ಟಿದ ಮನೆಯ ಹೆಸರನ್ನು ಬಿಟ್ಟು ನಮ್ಮ ಹೆಸರು ಹೊತ್ತರು. ಊರವರು ಇವತ್ತಿಗೂ ಅವರನ್ನು "ಅಳಿಯಂದಿರು" ಅಂತಲೇ ಕರೆದು ನಗುತ್ತಾರೆ. ನನ್ನ ಪಾಡೇನು ಮಹಾ? ನಾನು ಹುಟ್ಟಿದ್ದೇ ಇಲ್ಲಿ. ಬಾಗಿಲು ಜೋರಾಗಿ ಎಳೆದರೆ "ಧೂಳು!" ತಲೆ ಬಾಚಿದರೆ "ಧೂಳು!" ಹಸಿ ಮೆರುಗಿಗೆ ಧೂಳು ಅಂಟೀತೆಂದು ಈ ಮನೆಯಲ್ಲಿ ನಕ್ಕರೂ ಬೈಗುಳ. ಉಸಿರು ಬಿಗಿಹಿಡಿದುಕೊಂಡೇ ಬೆಳೆದವಳು ನಾನು.

ಈ ಮರದ ಹಾಲಿನದು ವಿಚಿತ್ರ ಗುಣ. ಬಿಸಿಲಿಗಿಟ್ಟರೆ ಒಣಗುವುದಿಲ್ಲ, ತೇವದಲ್ಲಿ ಒಣಗುತ್ತದೆ. ಹಾಗಾಗಿ ಒಂದು ಕೈ ಬಳಿದ ಗಿಟಾರು ಅಟ್ಟದಿಂದ ಇಳಿದು ಅಪ್ಪನ ಕೆಲಸದ ಕೋಣೆಯ ತೇವದ ಕಪಾಟಿಗೆ ಬರಲೇಬೇಕಾಯಿತು. ಗುಟ್ಟು ಅಲ್ಲಿಗೆ ಮುಗಿಯಿತು, ಮಾತ್ಸುಮೊತೊ ವಿಷಯವನ್ನೂ ಅಪ್ಪನಿಗೆ ಹೇಳಬೇಕಾಯಿತು.

ಅಪ್ಪ ಕೂಗಾಡಲಿಲ್ಲ. ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದರು.

"ಹೋಗೋದಾದ್ರೆ ಹೋಗಪ್ಪ. ಕಟ್ಟಿಹಾಕಕ್ಕೆ ನೀನೇನು ದನಾನಾ?" ಅಂದರು. "ಆದ್ರೆ ಮೈ ನೋಡು ಇದರದ್ದು! ಸೂಜಿ ಚುಚ್ಚಿದ ಹಾಗೆ ಮರದ ತೂತೆಲ್ಲ ಕಾಣ್ತಿದೆ. ಈ ಮನೆ ಹೊಸಿಲು ದಾಟಿ ಇಂಥದ್ದು ಯಾವತ್ತೂ ಆಚೆ ಹೋಗಿಲ್ಲ."

"ಮೆರುಗು ತೆಳ್ಳಗೇ ಇರಬೇಕು ಮಾವ, ದನಿಗೆ."

"ನಾನೆಲ್ಲಿ ಬೇಡ ಅಂದೆ? ನಂಗೆ ದನಿಗಿನಿ ತಿಳಿಯಲ್ಲಪ್ಪ. ಕಣ್ಣಿಗೆ ಕಂಡಿದ್ದು ಹೇಳ್ದೆ."

ಅಷ್ಟೇ ಅಂದದ್ದು. ಬೈದಿದ್ದರೆ ನನ್ನ ಗಂಡ ಅವತ್ತೇ ಹೊರಟುಬಿಡುತ್ತಿದ್ದರೇನೋ. ಮಾರನೆಯ ದಿನ ನೋಡುತ್ತೇನೆ, ಮಣ್ಣಿನ ನುಣುಪು ಪುಡಿಯನ್ನು ಮರದ ಹಾಲಿನಲ್ಲಿ ಕಲಸಿ ಆ ತೂತುಗಳನ್ನು ಮುಚ್ಚುತ್ತ ಕೂತಿದ್ದಾರೆ. ಬೋಗುಣಿಗೆ ಮಾಡುವ ಹಾಗೆಯೇ!

"ರೀ, ಏನ್ ಮಾಡ್ತಿದೀರಿ? ಒಂದು ಕೈ ಅಂದಿದ್ರಲ್ಲ!"

"ತೂತು ಮುಚ್ಚಿದ್ರೆ ಆಯ್ತು ಫುಸಾ. ಮಾತಾಡ್ಬೇಡ, ಧೂಳು ಏಳತ್ತೆ."

ಧೂಳಂತೆ! ಅಪ್ಪನ ಬಾಯಿಂದ ಕೇಳಿ ಕೇಳಿ ಸಾಕಾಗಿದ್ದ ಮಾತು ಈಗ ಇವರ ಬಾಯಲ್ಲಿ. ಮೈಯೆಲ್ಲ ಉರಿದುಹೋಯಿತು.

ತೂತು ಮುಚ್ಚಿದ ಕಡೆ ಬಣ್ಣ ಬೇರೆಯಾಗಿ ಕಂಡಿತು. ಅದಕ್ಕೆ ತಲೆಗೂದಲ ಕುಂಚದಿಂದ ಇಡೀ ಮೈಗೆ ಬಳಿದರು. ಬಳಿದದ್ದು ಒಂದು ಕಡೆ ಉಬ್ಬಿತು, ಇದ್ದಿಲಲ್ಲಿ ತಿಕ್ಕಿದರು. ತಿಕ್ಕಿದ್ದು ಮಂಕಾಯಿತು, ಮತ್ತೆ ಬಳಿದರು. ಬೋಗುಣಿಯ ಕೆಲಸ ಬೋಗುಣಿಯ ಪಾಡಿಗೆ ಬಿದ್ದಿತ್ತು. ಅನ್ನ ಕೊಟ್ಟರೆ ತಿಂದರು, ಕೊಡದಿದ್ದರೆ ಇಲ್ಲ. ಭಾನುವಾರ ಬಂತು, ಹೋಯಿತು. "ಇನ್ನೊಂದೇ ಕೈ, ಮುಂದಿನ ವಾರ ಹೋಗೋಣ" ಅಂದರು. ಅದರ ಮುಂದಿನ ವಾರವೂ ಅದೇ ಮಾತು. ಅಪ್ಪ ಆಗಾಗ ಬಂದು ಓರೆ ಮಾಡಿ ನೋಡಿ, ಹಾಗೇ ಇಟ್ಟು ಹೋಗುತ್ತಿದ್ದರು. ಅವರ ಬೆನ್ನು ಮರೆಯಾದ ತಕ್ಷಣ ಇವರು ಕುಂಚ ಎತ್ತಿಕೊಳ್ಳುತ್ತಿದ್ದರು.

ಕೊನೆಗೆ ಜಿಂಕೆ ಕೊಂಬಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬರಿಯ ಅಂಗೈಯಲ್ಲಿ ಉಜ್ಜಿ ಹೊಳಪು ತಂದರು. ಸುಳ್ಳು ಯಾಕೆ ಹೇಳಲಿ, ನನ್ನ ಮುಖ ಅದರಲ್ಲಿ ಕಂಡಾಗ ಹೆಮ್ಮೆಯಾಯಿತು. ಒಂದು ಗಳಿಗೆ ಮಾತ್ಸುಮೊತೊ ಮರೆತೇಹೋಗಿತ್ತು.

ಅಟ್ಟಕ್ಕೆ ಒಯ್ದು ತಂತಿ ಕಟ್ಟಿದರು. ಮೀಟಿದರು.

ದಪ್. ಹಲಗೆಗೆ ಬೆರಳು ಬಡಿದಂತೆ. ಬೇರೆ ತಂತಿ ಮೀಟಿದರು, ಅದೂ ದಪ್. ಬಿಗಿ ಮಾಡಿದರು, ಸಡಿಲ ಮಾಡಿದರು. ಏನೂ ಇಲ್ಲ. ಅಷ್ಟು ದಪ್ಪನೆಯ ಮೆರುಗಿನ ಕೆಳಗೆ ಮರ ಅಲುಗಾಡುವಂತೆಯೇ ಇರಲಿಲ್ಲ. ನಾನು ಅವರ ಮುಖ ನೋಡಲಾರದೆ ನೆಲ ನೋಡಿದೆ.

ಆಗಲೇ ಅಪ್ಪ ಏಣಿ ಹತ್ತಿ ಬಂದರು. ಗಿಟಾರನ್ನು ಓರೆ ಮಾಡಿ ನೋಡಿದರು. ನೋಡುತ್ತ ನೋಡುತ್ತ ಅವರ ಗಲ್ಲ ನಡುಗಿತು. ಅಮ್ಮ ಸತ್ತಾಗಲೂ ಅಳದ ಮನುಷ್ಯ!

"ಇಷ್ಟು ವರ್ಷಕ್ಕೆ, ಷೋಗೊ," ಅಂದರು, "ಈಗ ನೀನು ನಮ್ಮನೆಯವನಾದೆ ಕಣೋ."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾಲ್ಕು ಮಾತು ಆಡಿಬಿಡುತ್ತಿದ್ದೆ. ನನ್ನ ಗಂಡ ಚಾಪೆಗೆ ಹಣೆ ಹಚ್ಚಿ ನಮಸ್ಕರಿಸಿದರು. ಅಪ್ಪ ಕಣ್ಣೊರೆಸಿಕೊಳ್ಳುತ್ತ ಇಳಿದುಹೋದರು.

"ಇನ್ನೊಂದು ಮಾಡ್ರಿ," ಅಂದೆ ನಾನು, ಅಳು ತಡೆಯಲಾರದೆ. "ಮರ ನಾನು ತಂದ್ಕೊಡ್ತೀನಿ. ಯಾರಿಗೂ ತೋರಿಸದೆ, ಬರಿಮೈಯಲ್ಲೇ ಒಯ್ದುಬಿಡೋಣ."

ಅವರು ಎಣ್ಣೆ ಮೆತ್ತಿದ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಮರಕ್ಕೇನು ಬಿಡು, ಸಿಗತ್ತೆ. ಮಾವ ಹೇಳಿಕೊಟ್ಟು ಮಾಡಿದ್ದಲ್ಲ ಫುಸಾ ಇದು. ಬೇಡ ಬೇಡ ಅಂದ್ಕೊಂಡೇ ಈ ಕೈ ಬಳೀತಾ ಹೋಯ್ತು. ಅಲ್ಲಿಗೆ ಹೋದ್ರೂ ಈ ಕೈನೇ ತಗೊಂಡು ಹೋಗ್ಬೇಕಲ್ಲ."

ಕೆಳಗಿನಿಂದ ಅಪ್ಪ ಕೂಗಿದರು. ಹಸಿ ಮೆರುಗು ಒಂದು ಕಡೆಗೆ ಇಳಿಯದಂತೆ ಕಪಾಟಿನ ಬೋಗುಣಿಗಳನ್ನು ತಿರುಗಿಸಿಡುವ ಹೊತ್ತಾಗಿತ್ತು. "ಬಂದೆ ಮಾವ," ಎಂದು ಅವರು ಏಣಿ ಇಳಿದರು, ಧೂಳು ಏಳದ ಹಾಗೆ ಮೆಲ್ಲಗೆ.