ದಾರ ಮರೆಯಾದ ಚಿತ್ರ

ಬಣ್ಣದ ವಿಷಯದಲ್ಲಿ ಆ ಮನೆಯಲ್ಲಿ ಎರಡು ಮಾತಿರಲಿಲ್ಲ. ಅತ್ತೆ ಹೇಳಿದ್ದೇ ಬಣ್ಣ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ದಾರ, ಗುಂಡಿ, ಲೇಸುಗಳ ಅಂಗಡಿ ನಡೆಸುತ್ತಲೇ ಅವರ ತಲೆ ನರೆತಿತ್ತು. ಗಿರಾಕಿ ಬಟ್ಟೆಯ ತುಂಡು ಹಿಡಿದು ಬಂದರೆ ರೀಲಿನಿಂದ ಒಂದೆಳೆ ಬಿಚ್ಚಿ, ಬಟ್ಟೆಯ ಮೇಲೆ ಹಾಸಿ, ಹೊಸ್ತಿಲ ಬೆಳಕಿಗೆ ಹಿಡಿಯುವರು. ಎಳೆ ಬಟ್ಟೆಯಲ್ಲಿ ಮರೆಯಾದರೆ ಅದೇ ದಾರ, ಎದ್ದು ಕಂಡರೆ ಬೇರೆ ರೀಲು. ದರ್ಜಿಗಳು ಅವರನ್ನು ಬಣ್ಣದಮ್ಮ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ಬಣ್ಣದಮ್ಮ ಕೇಳಿಸದವರಂತೆ "ಆಂ?" ಅನ್ನುವರು, ಇನ್ನೊಂದು ಸಲ ಕೇಳಿಸಿಕೊಳ್ಳುವ ಆಸೆಗೆ.

ಅಂಥವರ ಮನೆಗೆ ಚಿತ್ರ ಬಂತು. ಸೊಸೆಯನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಚಿತ್ರ ಬರೆಯುವಾಕೆ. ವಯಸ್ಸಾಗಿ ದೊಡ್ಡ ಕೋಣೆ ಬಿಟ್ಟು ಸಣ್ಣದಕ್ಕೆ ಹೋಗುವಾಗ ಉಳಿದ ಚಿತ್ರಗಳನ್ನೆಲ್ಲ ಅವರಿವರಿಗೆ ಹಂಚಿ, ತನಗೆ ಎಲ್ಲಕ್ಕಿಂತ ಬೇಕಾಗಿದ್ದ ಒಂದನ್ನು ಈ ಮಗಳಿಗೆ ಕಳಿಸಿದ್ದಳು. ಬಾಗಿಲಷ್ಟು ಎತ್ತರ, ಮಂಚದಷ್ಟು ಅಗಲ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಹೊತ್ತವರ ಬೆವರಿಳಿಸಿ, ಕೊನೆಗೆ ಬಾಗಿಲನ್ನೇ ಕಳಚಿಸಿಕೊಂಡು ಒಳಗೆ ಬಂತು. ಅಷ್ಟು ದೊಡ್ಡದಕ್ಕೆ ಇದ್ದದ್ದು ಒಂದೇ ಗೋಡೆ, ಹಾಲಿನಲ್ಲಿ ಅತ್ತೆಯ ಕುರ್ಚಿಯ ಎದುರಿನದು. ಅಲ್ಲಿ ತೂಗುಹಾಕಿ ಸೊಸೆ ಹಿಂದೆ ಸರಿದು ನಿಂತಳು. ಮದುವೆಯಾಗಿ ಬಂದ ಮೇಲೆ ಅವಳ ಮುಖ ಅಷ್ಟು ಅರಳಿದ್ದನ್ನು ಅತ್ತೆ ನೋಡಿರಲಿಲ್ಲ.

"ಏನಿದೆ ಇದರಲ್ಲಿ?" ಅಂದರು ಅತ್ತೆ.

"ನೀಲಿ, ಅತ್ತೆ."

"ನೀಲಿ ಎಲ್ಲಿದೆ? ಮೇಲಿಂದ ಕೆಳಗಿನ ತನಕ ಬರೀ ಕಪ್ಪು."

"ನೀಲಿ ಮೇಲೆ ನೀಲಿ ಬಳಿದಿದಾರೆ. ಅಂಚಲ್ಲಿ ನೇರಳೆ ಇದೆ. ಕೆಳಗಡೆ ಒಂದು ತಿಳಿ ಪಟ್ಟಿ. ಸ್ವಲ್ಪ ಹೊತ್ತು ನೋಡ್ತಾ ಕೂತ್ರೆ..."

"ಸ್ವಲ್ಪ ಹೊತ್ತು ನೋಡ್ತಾ ಕೂತ್ರೆ ಸೀದ ಬಾಣಲೆ ತಳದಲ್ಲೂ ಏನಾದ್ರೂ ಕಾಣುತ್ತೆ, ಬಿಡು."

ಮಗ ಅಡಕತ್ತರಿಗೆ ಸಿಕ್ಕ ಅಡಕೆ. "ಕಪ್ಪಿಗೆ ಹತ್ತಿರದ ನೀಲಿ ಅನ್ನಬಹುದೇನೋ" ಎಂದು ರಾಜಿಗೆ ಹೋಗಿ ಇಬ್ಬರಿಂದಲೂ ದುರುಗುಟ್ಟಿಸಿಕೊಂಡ. ಆಮೇಲೆ ಅವನು ಚಿತ್ರದ ಮುಂದೆ ಹಾಯುವಾಗಲೆಲ್ಲ ನೆಲ ನೋಡಿಕೊಂಡೇ ಹೋಗುತ್ತಿದ್ದ.

ನಿಜ ಹೇಳಬೇಕೆಂದರೆ ಅತ್ತೆಗೆ ಚಿತ್ರದ ಮೇಲೆ ಅಷ್ಟೇನೂ ಸಿಟ್ಟಿರಲಿಲ್ಲ. ಸೊಸೆ ಅದನ್ನು ನೋಡುತ್ತಿದ್ದಳಲ್ಲ, ಅದು ಸಿಟ್ಟು. ಬೆಳಗಿನ ಚಹದ ಲೋಟ ಹಿಡಿದು ಅವಳು ಅದರ ಮುಂದೆ ಕೂತರೆ ಚಹ ಆರಿದರೂ ಗೊತ್ತಾಗುತ್ತಿರಲಿಲ್ಲ. ಕಣ್ಣು ಮೆಲ್ಲಗೆ ಮೇಲಿಂದ ಕೆಳಗೆ ಇಳಿಯುತ್ತಿತ್ತು, ಎಲ್ಲೋ ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಅತ್ತೆಯೂ ಕದ್ದು ಅಲ್ಲೇ ನೋಡುವರು. ಕಪ್ಪು. ಹೊಟ್ಟೆ ಉರಿಯುತ್ತಿತ್ತು. ಬಣ್ಣದಮ್ಮನಿಗೆ ಕಾಣದ ಬಣ್ಣ ನಿನ್ನೆ ಮೊನ್ನೆ ಗಲ್ಲಾಪೆಟ್ಟಿಗೆ ಪಕ್ಕ ಬಂದು ನಿಂತವಳಿಗೆ ಕಾಣುವುದೆಂದರೇನು!

ಒಂದು ಭಾನುವಾರ ಮಗಳು, ಅಳಿಯ, ಪಕ್ಕದ ಮನೆಯವರು ಎಲ್ಲ ಹಾಲಿನಲ್ಲಿ ಸೇರಿದ್ದಾಗ ಅತ್ತೆ ಎದ್ದರು. ಅಂಗಡಿಯ ಕಪ್ಪು ಡ್ರಾಯರಿನಿಂದ ತೆಗೆದು ತಂದಿದ್ದ ರೀಲನ್ನು ಎತ್ತಿ ಎಲ್ಲರಿಗೂ ತೋರಿಸಿ, ಮೊಳದುದ್ದ ಎಳೆ ಬಿಚ್ಚಿ, ಚಿತ್ರಕ್ಕೆ ತಾಗಿಸಿ ಹಿಡಿದರು. ಎಳೆ ಮರೆಯಾಯಿತು. ಅಲ್ಲಿ ದಾರವಿದೆ ಎಂದು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಕಾಣ್ತಾ ದಾರ? ಕರೀ ದಾರ ಇದು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಎಲ್ಲರೂ ನಕ್ಕರು, ಚಪ್ಪಾಳೆಯೂ ಬಿತ್ತು. ಸೊಸೆ ಹತ್ತಿರ ಬಂದು ರೀಲನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಅತ್ತೆಯ ಗೆದ್ದ ಮುಖ ನೋಡಿ ಮುಚ್ಚಿಕೊಂಡಳು. "ಸರಿ ಅತ್ತೆ. ನೀವು ಹೇಳಿದ್ದೇ ಸರಿ" ಅಂದಳು.

ಇಷ್ಟು ಸುಲಭಕ್ಕೆ ಗೆಲ್ಲುತ್ತೇನೆಂದು ಅತ್ತೆಯೂ ಎಣಿಸಿರಲಿಲ್ಲ. ಗೆದ್ದ ಮೇಲೆ ತೀರ್ಪು ಕೊಡಬೇಕಲ್ಲ, ಕೊಟ್ಟರು: ತಾವು ಕಣ್ಣಾಸ್ಪತ್ರೆಯಿಂದ ಬರುವಷ್ಟರಲ್ಲಿ ಗೋಡೆ ಖಾಲಿಯಾಗಿರಬೇಕು. ಚಿಕ್ಕಮ್ಮನ ಕೋಣೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಒಂದು ಶಾಲೆಯವರು, ಬೆಂಚು ಪೇರಿಸಿಡುವ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇವೆ ಅಂದರು.

ಕಣ್ಣಾಸ್ಪತ್ರೆಯ ವಿಷಯ ಬೇರೆ. ಬಸ್ಸಿನ ಬೋರ್ಡು ಓದಲಾಗದೆ ಅತ್ತೆ ಎರಡು ಸಲ ತಪ್ಪು ಬಸ್ ಹತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೊದಲು ಬಲಗಣ್ಣಿನದು ತೆಗೆಯೋಣ ಎಂದಿದ್ದರು ಡಾಕ್ಟರು. ಪೊರೆ ಬಂದರೆ ಮಬ್ಬು ಬರಬಹುದು, ಬಣ್ಣ ಎಲ್ಲಿಗೆ ಹೋಗುತ್ತದೆ ಎಂದು ಅತ್ತೆಯ ವಾದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವ ಗಾದೆ ಅವರ ಬಾಯಲ್ಲೇ ಎಷ್ಟೋ ಸಲ ಬಂದಿತ್ತು. ಗಾದೆಗಳಿರುವುದು ಬೇರೆಯವರಿಗೆ ಹೇಳಲಿಕ್ಕೆ ಎಂದು ತಿಳಿದವರಲ್ಲಿ ಅವರೂ ಒಬ್ಬರು, ಅಷ್ಟೆ.

ಶಸ್ತ್ರಚಿಕಿತ್ಸೆಯ ಮರುದಿನ ಪಟ್ಟಿ ಬಿಚ್ಚಿದ ಕೂಡಲೇ ಕಪ್ಪು ಕನ್ನಡಕ ಏರಿಸಿ ಮನೆಗೆ ಕಳಿಸಿದರು. ಮಗ ಕರೆತಂದು ಬಿಟ್ಟು ಕಣ್ಣಿನ ಹನಿ ತರಲು ಔಷಧದಂಗಡಿಗೆ ಹೋದ. ಹಾಲಿನಲ್ಲಿ ಚಿತ್ರವನ್ನು ಇಳಿಸಿ ಗೋಡೆಗೆ ಒರಗಿಸಿತ್ತು. ಪಕ್ಕದಲ್ಲಿ ಹಗ್ಗ, ಹಳೆಯ ಬೆಡ್‌ಶೀಟು.

"ವ್ಯಾನಿನವನು ಬರೋದು ತಡ ಆಯ್ತು ಅತ್ತೆ. ಈಗ ಬಂದ್ಬಿಡ್ತಾನೆ" ಅಂದಳು ಸೊಸೆ, ತನ್ನದೇ ತಪ್ಪೆನ್ನುವಂತೆ.

"ಬರಲಿ ಬಿಡು, ಅದೇನು ಓಡಿಹೋಗುತ್ತಾ" ಎನ್ನುತ್ತ ಅತ್ತೆ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು.

ಮೊದಲು ಅನ್ನಿಸಿದ್ದು, ಚಿತ್ರ ಬದಲಾಯಿಸಿದ್ದಾರೆ ಎಂದು. ಎದುರಿಗಿದ್ದದ್ದು ನೀಲಿ. ಸಣ್ಣ ನೀಲಿಯಲ್ಲ, ಕೋಣೆಯನ್ನೆಲ್ಲ ತುಂಬಿಕೊಂಡ ನೀಲಿ. ಅದರೊಳಗೆ ಇನ್ನೊಂದು ನೀಲಿ ಇತ್ತು, ಕಣ್ಣು ಅಲ್ಲಿಗೆ ಇಳಿದರೆ ಅದರಾಚೆ ಮತ್ತೊಂದು ಕಾದಿತ್ತು. ಅಂಚಿನಲ್ಲಿ ನೇರಳೆ, ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದಷ್ಟು ಮೆತ್ತಗೆ. ಕೆಳಗೆ, ಮುಚ್ಚಿದ ಬಾಗಿಲಿನಡಿಯಿಂದ ಬೆಳಕು ಬಂದ ಹಾಗೆ, ತಿಳಿಯಾದ ಒಂದು ಪಟ್ಟಿ. ಅಂಗಡಿಯ ಅಭ್ಯಾಸಕ್ಕೆ ಅತ್ತೆ ಹೆಸರು ಹಿಡಿಯಲು ಹೋದರು: ಶಾಯಿ ನೀಲಿ, ನವಿಲು ನೀಲಿ, ಆಕಾಶ ನೀಲಿ... ತಮಗೆ ಗೊತ್ತಿದ್ದ ಹೆಸರೆಲ್ಲ ಮುಗಿದವು, ನೀಲಿ ಮುಗಿಯಲಿಲ್ಲ. ಕೂತಿದ್ದವರು ಯಾವಾಗ ಎದ್ದು ನಿಂತರೋ ಅವರಿಗೇ ತಿಳಿಯಲಿಲ್ಲ.

ಬಲಗಣ್ಣಿಗೆ ಕೈ ಮರೆಮಾಡಿ ಎಡಗಣ್ಣಲ್ಲಿ ನೋಡಿದರು. ಕಪ್ಪು ಹಲಗೆ. ಕೈ ತೆಗೆದರು. ನೀಲಿ! ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಇಷ್ಟು ದಿನ ಇದು ಇಲ್ಲೇ ಇತ್ತು, ತಮ್ಮ ಕುರ್ಚಿಯ ಎದುರಿಗೇ ಇತ್ತು. ತಾವು ಇದರ ಮುಂದೆ ಕೂತು ಉಗುರು ಕತ್ತರಿಸಿಕೊಂಡಿದ್ದರು.

ಆಗ ದಾರದ ನೆನಪಾಯಿತು. ಈ ನೀಲಿಯಲ್ಲಿ ಕರೀ ದಾರ ಮರೆಯಾಗುವುದುಂಟೇ?

"ಏನೇ, ಆವತ್ತು ನಾನು ಹಿಡಿದ ದಾರ... ಅದು ಕಪ್ಪಲ್ಲ, ಅಲ್ವಾ?"

"ಹೋಗ್ಲಿ ಬಿಡಿ ಅತ್ತೆ."

"ಹೇಳು."

"ನೇವಿ ಬ್ಲೂ."

"ಕಪ್ಪು ಡ್ರಾಯರಿಗೆ ಹೇಗೆ ಬಂತು?" ಎಂದು ಕೇಳುವಷ್ಟರಲ್ಲೇ ಉತ್ತರ ಹೊಳೆದು ಅವರ ದನಿ ತಗ್ಗಿತು. "ನಾನೇ ಹಾಕಿದ್ನಾ?"

ಸೊಸೆ ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. "ಸಾಯಂಕಾಲ ನೀವು ರೀಲು ಜೋಡಿಸಿಡ್ತೀರಲ್ಲ, ಬೆಳಿಗ್ಗೆ ನಾನು ಬೇಗ ಹೋಗಿ ನೀಲಿ, ನೇರಳೆ ಎಲ್ಲ ಬೇರೆ ಮಾಡಿಡ್ತೀನಿ. ಆವತ್ತು ಭಾನುವಾರ, ಹೋಗಿರ್ಲಿಲ್ಲ."

"ಗಿರಾಕಿಗಳಿಗೆ ಕೊಟ್ಟಿದ್ದು?"

"ಪೊಟ್ಟಣ ಕಟ್ಟೋವಾಗ ಬದಲಾಯಿಸ್ತಿದ್ದೆ."

"ಆವತ್ತೇ ಒಂದು ಮಾತು ಹೇಳಿದ್ರೆ ನಿನ್ನ ಚಿತ್ರ ಉಳೀತಿತ್ತಲ್ಲೇ!"

"ಅಷ್ಟು ಜನರ ಮುಂದೆ ನಿಮಗೆ ಬಣ್ಣ ಕಾಣಲ್ಲ ಅಂತ ಹೇಗೆ ಹೇಳ್ಲಿ ಅತ್ತೆ? ಚಿತ್ರ ಹೋದ್ರೆ ಹೋಯ್ತು."

ಡಾಕ್ಟರು ಅಳಬಾರದು ಎಂದಿದ್ದರು. ಕಣ್ಣೀರೇನು ಡಾಕ್ಟರ ಮಾತು ಕೇಳುತ್ತದೆಯೇ? ಬಲಗಣ್ಣನ್ನು ಉಜ್ಜಲು ಹೋದ ಅತ್ತೆಯ ಕೈಯನ್ನು ಸೊಸೆ ಹಿಡಿದುಕೊಂಡಳು. "ಬೇಡ ಅತ್ತೆ, ಗಾಯ ಇನ್ನೂ ಹಸಿ ಇದೆ" ಅಂದಳು. ಆ ಕೈಯನ್ನು ಅತ್ತೆ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಇಬ್ಬರೂ ಚಿತ್ರ ನೋಡುತ್ತ ನಿಂತರು.

ಬಾಗಿಲಲ್ಲಿ ವ್ಯಾನಿನ ಡ್ರೈವರು ಕೆಮ್ಮಿದ. "ಸಾಗಿಸೋ ಸಾಮಾನು ಇದೇನಾ ಅಮ್ಮಾ?"

"ಸಾಗಿಸೋದಲ್ಲಪ್ಪ, ಮೇಲಕ್ಕೆ ಎತ್ತೋದು" ಅಂದರು ಅತ್ತೆ. "ನಿನ್ನ ಬಾಡಿಗೆ ನಿನಗೆ ಸಿಗುತ್ತೆ. ಆ ಕಡೆ ಹಿಡ್ಕೋ."

ಸೊಸೆ ಅತ್ತೆಯ ಮುಖವನ್ನೇ ನೋಡುತ್ತ ನಿಂತುಬಿಟ್ಟಳು. "ಏನು ನೋಡ್ತೀಯ? ನನಗೆ ಭಾರ ಎತ್ತಬಾರದು ಅಂದಿದಾರೆ, ನೀನು ಈ ಕಡೆ ಹಿಡಿ" ಎಂದು ಗದರಿದ ಮೇಲೆಯೇ ಅವಳು ಬಗ್ಗಿದ್ದು. ಎಡಕ್ಕೆ ಸ್ವಲ್ಪ, ಬಲಕ್ಕೆ ಇಷ್ಟು, ಕಿಟಕಿಯ ಬಿಸಿಲು ತಾಗಬಾರದು ಎಂದೆಲ್ಲ ಅತ್ತೆಯ ಅಪ್ಪಣೆಗಳಾದವು. ಚಿತ್ರ ಮತ್ತೆ ಗೋಡೆಗೆ ಏರಿತು.

ಡ್ರೈವರು ಕೈ ಒರೆಸಿಕೊಂಡು ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿದ. ಹೊರಡುವವನು ಹೊರಡಲಿಲ್ಲ. "ಏನೋ ಒಂಥರಾ ಇದೆಯಲ್ಲಮ್ಮ. ಏನಿದೆ ಇದರಲ್ಲಿ?"

ಬಣ್ಣದ ಬಗ್ಗೆ ಯಾರು ಕೇಳಿದರೂ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ರೂಢಿಯಾದವರು ಅತ್ತೆ. ಬಾಯಿ ತೆರೆದೂ ಆಗಿತ್ತು. ತಡೆದು ನಿಂತರು.

"ನನ್ನ ಕೇಳಬೇಡಪ್ಪ. ನಾನೂ ಈಗಷ್ಟೇ ನೋಡ್ತಾ ಇದೀನಿ. ಈ ಮನೇಲಿ ಬಣ್ಣ ಗೊತ್ತಿರೋಳು ನನ್ನ ಸೊಸೆ. ಅವಳನ್ನ ಕೇಳು."

ಸೊಸೆ ಚಿತ್ರದ ಹತ್ತಿರ ಹೋಗಿ, ಕೆಳಗಿನ ತಿಳಿ ಪಟ್ಟಿಯತ್ತ ಬೆರಳು ತೋರಿಸಿದಳು. ಅತ್ತೆ ಇನ್ನೊಂದು ಕುರ್ಚಿ ಎಳೆದು ತಮ್ಮ ಕುರ್ಚಿಯ ಪಕ್ಕಕ್ಕೆ ಹಾಕಿ, ಅವಳು ಹೇಳುವುದನ್ನು ಕೇಳಲು ಕೂತರು.