ಒಂಬತ್ತನೇ ಗುಳಿ

ನನ್ನ ಕೈ ತಪ್ಪಿದೆ ಅಂತ ಯಾರಾದರೂ ಅಂದರೆ ಅವರ ಜನ್ಮ ಜಾಲಾಡಿಬಿಡುತ್ತೇನೆ. ಹದಿನಾಲ್ಕು ವರ್ಷದಿಂದ ಈ ಲ್ಯಾಬಿನಲ್ಲಿ ಹನಿ ಎಣಿಸಿದವಳು ನಾನು. ಅಂಥವಳು ಹೋದ ಸೋಮವಾರ ಪರದೆಯ ಮುಂದೆ ಕೂತು, ಇದೊಂದು ಸಲ ನನ್ನ ಕೈ ತಪ್ಪಿರಲಪ್ಪ ಅಂತ ಬೇಡಿಕೊಂಡೆ.

ನಮ್ಮ ಕೆಲಸ ಇಷ್ಟೇ. ಜನರ ಮೂಗಿನೊಳಗಿಂದ ಸಣ್ಣ ಬ್ರಶ್ಶಿನಲ್ಲಿ ಜೀವಕೋಶ ಕೆರೆದು ತಂದು, ತಟ್ಟೆಯ ಗುಳಿಗಳಲ್ಲಿ ಬೆಳೆಸಿ, ವೈರಸ್ ಹಾಕಿ ಒಂದು ದಿನ ಕಾಯುತ್ತೇವೆ. ವೈರಸ್ ಒಳಗೆ ಕಾಲಿಟ್ಟ ಕೂಡಲೇ ಜೀವಕೋಶ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಅದು ವೈರಸ್ಸಿನ ಆರ್‌ಎನ್‌ಎ ಎಳೆಯನ್ನು ಕತ್ತರಿಯ ಹಾಗೆ ತುಂಡುತುಂಡು ಮಾಡುತ್ತದೆ. ಶ್ವಾಸಕೋಶಕ್ಕೂ ಇದೇ ಕಾವಲು, ಇದು ಏಳದವರಿಗೆ ಸಾಮಾನ್ಯ ಜ್ವರವೂ ಪ್ರಾಣಕ್ಕೆ ಬರಬಹುದು. ಕಿಣ್ವ ಎದ್ದರೆ, ನಾವು ಹಾಕಿದ ಬಣ್ಣದಿಂದ ಗುಳಿ ಹಸಿರಾಗಿ ಹೊಳೆಯುತ್ತದೆ. ಆ ಸೋಮವಾರ ಎಲ್ಲವೂ ಹೊಳೆದವು, ಒಂಬತ್ತನೆಯದು ಬಿಟ್ಟು.

ಹೆಸರು ಬರೆಯಕೂಡದು, ಸಂಖ್ಯೆ ಮಾತ್ರ ಅಂತ ನಿಯಮ. ಆದರೆ ಆರೋಗ್ಯವಂತರು ಸಾಕಷ್ಟು ಸಿಗದಿದ್ದಾಗ ಮನೆಯವರನ್ನೇ ಎಳೆದು ತರುವುದು ನಮ್ಮ ಲ್ಯಾಬಿನ ಹಳೇ ಚಾಳಿ. ಒಂಬತ್ತು ಅಂದರೆ ನನ್ನ ತಂಗಿ. ಮೂಗಿನಲ್ಲಿ ಚಿನ್ನ ಹುಡುಕ್ತಿದೀಯಾ ಅಂತ ಸೀನುತ್ತ ನಕ್ಕವಳು. ಅವಳು ನರ್ಸು. ಬುಧವಾರದಿಂದ ಜ್ವರದ ವಾರ್ಡಿನಲ್ಲಿ ಅವಳ ಸರದಿ, ಅಲ್ಲಿ ತುಂಬಿರುವುದೆಲ್ಲ ಇದೇ ವೈರಸ್ಸಿನ ರೋಗಿಗಳು.

ನಮ್ಮ ಮುಖ್ಯಸ್ಥರಿಗೆ ಹೇಳಿದೆ. ನಾವೆಲ್ಲ ಅವರನ್ನು ಹಿಂದಿನಿಂದ ಗಡ್ಡಪ್ಪ ಅನ್ನುತ್ತೇವೆ. ಬಣ್ಣ ಹಾಕಲು ಮರೆತಿರಬೇಕು ನೀನು, ಮೂರು ಸಲವೂ ಹೀಗೇ ಬಂದರೆ ಮಾತ್ರ ಬಾಯಿ ಬಿಡು ಅಂದರು. ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅವತ್ತು ಹಾಲು ಕುಡಿದಷ್ಟು ಸಂತೋಷವಾಯಿತು.

ಎರಡನೇ ಸಲ ಒಂದೊಂದು ಹನಿಯನ್ನೂ ಬಾಯಿಬಿಟ್ಟು ಎಣಿಸಿದೆ. ಮಂಗಳವಾರ ಸಂಜೆ ನೋಡಿದರೆ ಮತ್ತೆ ಕತ್ತಲೆ. ಅದೇ ಹೊತ್ತಿಗೆ ತಂಗಿ ಫೋನು ಮಾಡಿ, ನಾಳೆ ಬೇಗ ಹೋಗಬೇಕು, ನಿನ್ನ ಛತ್ರಿ ಕೊಡು ಅಂದಳು. ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ನಿಯಮ ಮುರಿಯಬಾರದು ಅಂತಲ್ಲ, ಸುಳ್ಳು ಯಾಕೆ? ಹೇಳಿಬಿಟ್ಟರೆ ನಿಜವಾಗಿಬಿಡುತ್ತದೆ ಅಂತ ಹೆದರಿದೆ. ರಾತ್ರಿ ಅವಳು ಬಂದಾಗ ಛತ್ರಿ ಕೊಟ್ಟು ಕಳಿಸಿದೆ.

ಮೂರನೇ ಸಲಕ್ಕೆ ಜೀವಕೋಶ ಬೆಳೆಯಲು ಇನ್ನೆರಡು ದಿನ ಹಿಡಿಯಿತು. ಗಡ್ಡಪ್ಪನವರೇ ಕೂತು ಮಾಡಿದರು. ಶುಕ್ರವಾರ ಸಂಜೆ ಪರದೆ ನೋಡಿ, ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು. ಒರೆಸುತ್ತಲೇ ಇದ್ದರು.

"ನಿನ್ನ ಕೈ ತಪ್ಪಿಲ್ಲ ಕಣಮ್ಮ," ಅಂದರು.

ಕಾರಿಡಾರಿಗೆ ಓಡಿ ಫೋನು ಹಚ್ಚಿದೆ. ಈಗಿಂದೀಗಲೇ ವಾರ್ಡು ಬಿಟ್ಟು ಹೊರಗೆ ಬಾ, ಕಾರಣ ಆಮೇಲೆ ಹೇಳ್ತೀನಿ ಅಂದೆ. ಅವಳು ನಗಲು ಹೋಗಿ ಕೆಮ್ಮಿದಳು, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು.

"ಬೆಳಿಗ್ಗೇನೇ ಮನೆಗೆ ಕಳಿಸಿದ್ರು ಅಕ್ಕಾ. ಸ್ವಲ್ಪ ಜ್ವರ, ಅಷ್ಟೇ. ಎಲ್ಲರಿಗೂ ಬರುತ್ತೆ, ನಾಲ್ಕು ದಿನಕ್ಕೆ ಹೋಗುತ್ತೆ. ನೀನೇ ಹೇಳ್ತಿರ್ತೀಯಲ್ಲ."