ನೆಲ ಮೊದಲು

ಪೀಕದಾನಿಯನ್ನು ಕೈ ಚಾಚಿದಷ್ಟು ದೂರ ಹಿಡಿದು, ಮುಖವನ್ನು ಆಚೆ ತಿರುಗಿಸಿಕೊಂಡು ಚೆನ್ನು ಅಂಗಳ ದಾಟುತ್ತಿದ್ದಳು. ಒಳಗಿನದು ತುಳುಕಿತು. ಒಂದು ಹನಿ ಹೆಬ್ಬೆರಳಿನ ಮೇಲೆ ಬಿತ್ತು, ತಣ್ಣಗೆ, ಅಂಟಂಟಾಗಿ. ಮನೆಯ ಯಜಮಾನ ವೆಂಕಟ್ರಮಣ ಭಟ್ಟರು ರಾತ್ರಿಯಿಡೀ ಕ್ಯಾಕರಿಸಿ ಉಗಿದ ಎಲೆಯಡಿಕೆ, ಹೊಗೆಸೊಪ್ಪು, ಕಫ. ಅದನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಬೂದಿ ಹಾಕಿ ತಿಕ್ಕಿ, ಫಳಫಳ ಮಾಡಿ ಮತ್ತೆ ಅವರ ಆರಾಮಕುರ್ಚಿಯ ಪಕ್ಕದಲ್ಲಿಡಬೇಕು. ಮಗು ನೋಡಿಕೊಳ್ಳಲು ಬಂದವಳಿಗೆ ಈ ಭಾಗ್ಯ!

ಆ ಮನೆಯ ಸೊಸೆ ಗೋದಾವರಿಗೆ ಪುತ್ತೂರು ಪೇಟೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಚೆನ್ನುವಿನ ಊರು ಕಬಕಕ್ಕೆ ಬಂದು ಅವಳನ್ನು ಕೆಲಸಕ್ಕೆ ಕರೆದದ್ದು ಗೋದಾವರಿಯೇ. "ಮಗುವನ್ನು ನೋಡಿಕೊಂಡ್ರೆ ಸಾಕು ಚೆನ್ನಕ್ಕ, ಬೇರೆ ಎಂತ ಕೆಲಸವೂ ಇಲ್ಲ. ನಾನು ಬಂದ ಮೇಲೆ ನೀವು ಹೋಗಬಹುದು" ಎಂದಿದ್ದಳು. ಸಂಜೆಗೆ ಮನೆ ಸೇರಿದರೆ ಬೀಡಿ ಕಟ್ಟಲು ಹೊತ್ತು ಸಿಗುತ್ತದೆಂದು ಚೆನ್ನು ಒಪ್ಪಿದ್ದಳು.

ಮಗುವಿನ ಉಚ್ಚೆಬಟ್ಟೆ ಒಗೆಯುವುದು ಸರಿಯೇ. ಅದಕ್ಕೆ ಚೆನ್ನು ಬೇಸರಿಸಿದವಳಲ್ಲ. ಆದರೆ ಗೋದಾವರಿಯ ಅತ್ತೆ ಶಂಕರಿಯಮ್ಮನ ಬಾಯಲ್ಲಿ ಒಂದು ಮಾತಿತ್ತು: "ಕೈ ಹೇಗೂ ಒದ್ದೆ ಉಂಟಲ್ಲ." ಆ ಮಾತಿನ ಹಿಂದೆಯೇ ಭಟ್ಟರ ಪಂಚೆಗಳು ಬಂದವು. ಮಗುವಿನ ಹಾಲಿನ ಲೋಟದ ಹಿಂದೆ ಮನೆಯವರೆಲ್ಲರ ಪಾತ್ರೆಗಳು ಬಂದವು. ಕೊನೆಗೆ ಪೀಕದಾನಿಯೂ ಬಂತು. ಹೇಸಿಗೆಗೂ ಒಂದು ಮಿತಿ ಬೇಡವೇ?

ಇದಕ್ಕಿಂತ ಹೇಸಿಗೆಯದು ಇನ್ನೊಂದಿತ್ತು. ಚೆನ್ನುವಿನ ಬೆರಳುಗಳಿಗೆ ಬೀಡಿಯ ವಾಸನೆಯಂತೆ. ದಿನಾ ಬಂದ ಕೂಡಲೇ ಅಂಟುವಾಳ ಹಾಕಿ ಕೈ ತೊಳೆಯಬೇಕು, ತೊಳೆದದ್ದು ಸಾಲದೆಂದರೆ ಮತ್ತೆ ತೊಳೆಯಬೇಕು. "ಹೊಗೆಸೊಪ್ಪಿನ ನಾತ ಮಾಣಿಗೆ ಆಗುದಿಲ್ಲ" ಎಂದು ಶಂಕರಿಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವಾಗ, ಅವರ ಗಂಡ ಅದೇ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಂಡು ಮೊಮ್ಮಗನಿಗೆ ಮುದ್ದು ಕೊಡುತ್ತಿರುತ್ತಿದ್ದರು.

ಒಮ್ಮೆ ಚೆನ್ನು ಬಾಯಿಬಿಟ್ಟು ಹೇಳಿಯೂ ಇದ್ದಳು. ಗೋದಾವರಿ ಉಗುರು ನೋಡಿಕೊಳ್ಳುತ್ತಾ, "ಅತ್ತೆಗೆ ನಾನು ಹೇಗೆ ಹೇಳುದು ಚೆನ್ನಕ್ಕ? ಸ್ವಲ್ಪ ಸುಧಾರಿಸಿಕೊಳ್ಳಿ" ಅಂದಳು. ಫೋನಿನಲ್ಲಿ ಊರಿಗೆಲ್ಲ ಮಾತು ಜೋಡಿಸುವ ಹೆಂಗಸಿಗೆ ಮನೆಯೊಳಗೆ ನಾಲಿಗೆಯೇ ಇರಲಿಲ್ಲ.

ಬಿಟ್ಟು ಹೋಗಬಹುದಿತ್ತು. ಆದರೆ ಆ ಮಗು, ಚೆನ್ನುವಿನ ತುಳು ಬಾಯಲ್ಲಿ 'ಬಾಲೆ'! ಅವಳು ಅಂಗಳದಂಚಿನ ಅಣಬಾಗಿಲಿಗೆ ಬಂದರೆ ಸಾಕು, ಅಂಬೆಗಾಲಿಕ್ಕಿ ಓಡಿಬಂದು ಅವಳ ಸೀರೆ ಜಗ್ಗುತ್ತಿತ್ತು. ಈಚೆಗೆ ಬಾಗಿಲ ದಾರಂದ ಹಿಡಿದು ಕುಂಡೆ ಎತ್ತುವುದು, ತೊಪ್ಪನೆ ಕೂರುವುದು, ಚೆನ್ನುವಿನ ಮುಖ ನೋಡಿ ನಗುವುದು ಶುರುವಾಗಿತ್ತು. "ನಿಲ್ಲು ಬಾಲೆ, ನಿಲ್ಲು ನಿಲ್ಲು" ಎಂದು ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಅವನು ಎದ್ದು ನಿಲ್ಲುವುದನ್ನೊಂದು ಕಣ್ಣಾರೆ ನೋಡಿ, ಮತ್ತೆ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಅಂದು ಮಧ್ಯಾಹ್ನದ ಅಡುಗೆ ಇನ್ನೂ ಆಗಿರಲಿಲ್ಲ. ಶಂಕರಿಯಮ್ಮ ಮಡಿಸೀರೆಯಲ್ಲಿದ್ದರು. ನೈವೇದ್ಯ ಆಗುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಮಗು ಹಟ ಮಾಡಿದರೆ ಮಾತ್ರ, "ಬಟ್ಟೆ ಬಿಚ್ಚಿ ನೆಲದಲ್ಲಿ ಬಿಡು. ಬಟ್ಟೆ ಇಲ್ಲದ ಮಕ್ಕಳಿಗೆ ಮೈಲಿಗೆ ಇಲ್ಲ" ಎನ್ನುತ್ತಿದ್ದರು. ಚೆನ್ನು ಅಂಗಿ ಬಿಚ್ಚಿ, ಬರಿಮೈಯ ಮಗುವನ್ನು ನೆಲದಲ್ಲಿ ಬಿಟ್ಟು ದೂರ ಸರಿದು ನಿಲ್ಲಬೇಕು. ಆಮೇಲೆ ಅಜ್ಜಿ ಎತ್ತಿಕೊಳ್ಳುವುದು.

"ಮಾಣಿ ಮಲಗಿದ್ದಾನಲ್ಲ, ಪಂಚೆ ಒಗೆದು ಹಾಕು. ನಾವಿಲ್ವಾ ನೋಡ್ಲಿಕ್ಕೆ?" ಎಂದರು ಶಂಕರಿಯಮ್ಮ ಒಳಗಿನಿಂದಲೇ.

ಚೆನ್ನು ಬಾವಿಕಟ್ಟೆಯ ಹತ್ತಿರ ಕೊನೆಯ ಪಂಚೆ ಹಿಂಡುತ್ತಿದ್ದಳು. ಜಗಲಿಯಲ್ಲಿ ಠಣಾರನೆ ಸದ್ದಾಯಿತು.

ಓಡಿಬಂದು ನೋಡಿದರೆ ಪೀಕದಾನಿ ಮಗುಚಿ ಬಿದ್ದಿದೆ. ಕಳೆದ ಬೇಸಿಗೆಯಲ್ಲಿ ಹಾಕಿಸಿದ ಮೊಸಾಯಿಕ್ ನೆಲದ ಮೇಲೆ ಕೆಂಪು ರಾಡಿ, ಅದರ ನಡುವೆ ಮಗು. ಎರಡೂ ಅಂಗೈಗಳಲ್ಲಿ ಅದನ್ನೇ ಬಡಿಯುತ್ತಿದೆ, ನಡುನಡುವೆ ಬೆರಳನ್ನು ಬಾಯಿಗಿಡುತ್ತಿದೆ. ಭಟ್ಟರು ಪೇಪರ್ ಮಡಚಿ, ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಿದ್ದರು. ಅಷ್ಟೇ ಅವರು ಮಾಡಿದ್ದು.

ಚೆನ್ನುವಿಗೆ ಮೈಯೆಲ್ಲ ಉರಿಯಿತು. ಮಗುವನ್ನು ಬಾಚಿ ಎತ್ತಿ, ಬಾಯೊಳಗೆ ಬೆರಳು ಹಾಕಿ ಇದ್ದದ್ದನ್ನು ತೆಗೆದಳು. ಚೆಂಬಿನ ನೀರಿನಲ್ಲಿ ಬಾಯಿ ತೊಳೆದಳು, ಮತ್ತೊಮ್ಮೆ ತೊಳೆದಳು. ಮಗು ಕೆಮ್ಮಿತು, ಅತ್ತಿತು, ಸುಮ್ಮನಾಯಿತು. ಬಾಯಲ್ಲಿ ಏನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಅವಳು ಉಸಿರು ಬಿಟ್ಟದ್ದು. ಕೈ, ಮೊಣಕಾಲು, ಅಂಗಿ ಇನ್ನೂ ಕೆಂಪಾಗಿಯೇ ಇದ್ದವು.

ಶಂಕರಿಯಮ್ಮ ಅಡುಗೆಮನೆಯ ಹೊಸ್ತಿಲಿಗೆ ಬಂದರು. "ಅಯ್ಯೋ ನನ್ನ ನೆಲವೇ! ಎಂತ ನೋಡ್ತಾ ನಿಂತದ್ದು ಮಾರಾಯ್ತಿ? ಅದನ್ನು ಮೊದಲು ಒರೆಸು, ಕಲೆ ಕೂತರೆ ಹೋಗ್ಲಿಕ್ಕಿಲ್ಲ."

"ಮಗುವನ್ನು ಮೀಯಿಸಿ ಬರ್ತೇನೆ ಅಮ್ಮ."

"ಮಾಣಿಗೆ ಎಂತ ಆಗ್ತದೆ? ನೆಲ ಮೊದಲು!"

ಚೆನ್ನುವಿಗೆ ಈ ಮನೆಯವರ ಮೇಲೆಯೇ ಹೇಸಿಗೆ ಹುಟ್ಟಿತು. ಆಮೇಲೆ ಮಗುವಿನ ಅಂಗಿ ಬಿಚ್ಚಿದಳು, ನೆಲದಲ್ಲಿ ಬಿಟ್ಟಳು, ದಿನಾ ಮಾಡುವಂತೆ ದೂರ ಸರಿದು ನಿಂತಳು.

"ಆಯ್ತು, ನೆಲ ನಾನು ಒರೆಸ್ತೇನೆ. ಮಗುವನ್ನು ನೀವು ತಕ್ಕೊಳ್ಳಿ. ಬಟ್ಟೆ ಬಿಚ್ಚಿದ್ದೇನೆ ಅಮ್ಮ, ಮೈಲಿಗೆ ಇಲ್ಲ."

"ಥೂ! ಇದನ್ನು ಮುಟ್ಟುದು ಹೇಗೆ? ತೊಳೆದು ಕೊಡು!"

"ನೆಲ ಮೊದಲು ಅಂದದ್ದು ನೀವಲ್ವಾ?"

ಅಜ್ಜಿಯ ದನಿ ಕೇಳಿ ಮಗು ಅತ್ತಲೇ ಹೊರಟಿತು. ಮೊಸಾಯಿಕ್ ಮೇಲೆ ಪುಟ್ಟ ಪುಟ್ಟ ಕೆಂಪು ಕೈಗಳು ಒಂದರ ಮುಂದೊಂದು ಮೂಡುತ್ತಾ ಹೋದವು. ಶಂಕರಿಯಮ್ಮ ಹಿಂದೆ ಹಿಂದೆ ಸರಿದರು. "ಬೇಡ ಮಾಣಿ, ಬೇಡ, ಅಲ್ಲೇ ಇರು!" ಬೆನ್ನು ಗೋಡೆಗೆ ತಾಗಿತು. ಭಟ್ಟರು ಕುರ್ಚಿಯಿಂದ ಇಳಿಯಲಿಲ್ಲ. ಚೆನ್ನು ಒರೆಸುವ ಬಟ್ಟೆ ಹಿಡಿದು ನೆಲಕ್ಕೆ ಕುಕ್ಕರು ಕೂತಿದ್ದಳು.

ಮಗು ಮಡಿಸೀರೆಯ ಅಂಚನ್ನು ಒಂದು ಕೈಯಲ್ಲಿ ಹಿಡಿಯಿತು. ಇನ್ನೊಂದು ಕೈಯಿಂದ ಸ್ವಲ್ಪ ಮೇಲೆ ನೆರಿಗೆ ಹಿಡಿಯಿತು. ಕುಂಡೆ ಎತ್ತಿತು. ಈ ಸಲ ಕೂರಲಿಲ್ಲ. ಮೊಣಕಾಲು ನಡುಗಿತು, ನೆಟ್ಟಗಾಯಿತು. ನಿಂತೇಬಿಟ್ಟಿತು. ನಿಂತು, ಕುತ್ತಿಗೆ ತಿರುಗಿಸಿ, ಚೆನ್ನು ಎಲ್ಲಿದ್ದಾಳೆಂದು ಹುಡುಕಿತು.

ಅರ್ಧ ಒರೆಸಿದ ನೆಲದ ಮೇಲೆಯೇ ಚೆನ್ನು ಬಟ್ಟೆಯನ್ನು ಬಿಟ್ಟಳು. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು.